ಮೊದಲ ಪ್ರಶ್ನೆ: ಎಲ್ಲಿಂದ?

‘ಮಾರಿಗುಡಿ ಪಕ್ಕದ ಮನೆ ಕಣಣ್ಣ, ಬೇಗ ಬನ್ನಿ.’

ಹನೂರು ಕಡೆಯ ಹಳ್ಳಿಯಲ್ಲಿ ಈ ವಿಳಾಸ ಧಾರಾಳವಾಗಿ ಸಾಕು. ದಾರಿಯಲ್ಲಿ ಆಡುತ್ತಿರುವ ಹುಡುಗನೂ ಮನೆ ತೋರಿಸುತ್ತಾನೆ. ಆದರೆ 108ಕ್ಕೆ ಫೋನ್ ಮಾಡಿ ಇಷ್ಟನ್ನೇ ಹೇಳಿದರೆ, ದೂರದ ಕೇಂದ್ರದಲ್ಲಿ ಕುಳಿತು ಕರೆ ಸ್ವೀಕರಿಸುವವರಿಗೆ ಏನೂ ತಿಳಿಯುವುದಿಲ್ಲ. ಯಾವ ಜಿಲ್ಲೆ, ಯಾವ ತಾಲ್ಲೂಕು, ಯಾವ ಊರು ಎಂದು ಅವರು ಕೇಳತೊಡಗುತ್ತಾರೆ. ರೋಗಿಯ ಪಕ್ಕ ನಿಂತವರಿಗೆ ಸಿಟ್ಟು ಬರುತ್ತದೆ. ‘ಇಲ್ಲಿ ಜೀವ ಹೋಗ್ತಾ ಇದೆ, ಇವರಿಗೆ ತಾಲ್ಲೂಕಿನ ಚಿಂತೆ’ ಎಂದು ಫೋನ್ ಇಟ್ಟುಬಿಡುವವರೂ ಉಂಟು.

ಆ ಪ್ರಶ್ನೆ ಕಾಲಹರಣವಲ್ಲ. ಇಡೀ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ.

ತುರ್ತು ಕರೆಗೆಂದೇ ಒಂದು ಸಂಖ್ಯೆ ಬೇಕೆಂಬ ಯೋಚನೆಗೆ ಬಲ ಬಂದದ್ದು ಲಂಡನ್ನಿನ ಒಂದು ಬೆಂಕಿ ಅನಾಹುತದಿಂದ. 1935ರ ನವೆಂಬರಿನಲ್ಲಿ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಹೊರಟ ನೆರೆಯವರು ಎಕ್ಸ್‌ಚೇಂಜಿನಲ್ಲಿ ಉಳಿದ ಕರೆಗಳ ಜೊತೆ ಸರತಿಯಲ್ಲಿ ಕಾಯಬೇಕಾಯಿತು. ಅವರು ಪತ್ರಿಕೆಗೆ ಬರೆದ ಕಾಗದ ಚರ್ಚೆ ಎಬ್ಬಿಸಿತು. 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಬಂತು. ನಮ್ಮಲ್ಲಿ ಪೊಲೀಸರಿಗೆ 100, ಅಗ್ನಿಶಾಮಕಕ್ಕೆ 101 ಎಂದು ಬೇರೆ ಬೇರೆ ಸಂಖ್ಯೆಗಳಿದ್ದವು. ಕರ್ನಾಟಕದ 108 ‘ಆರೋಗ್ಯ ಕವಚ’ ಆರಂಭವಾದದ್ದು 2008ರ ನವೆಂಬರ್ 1ರಂದು. ಎಲ್ಲಕ್ಕೂ ಒಂದೇ ಎನ್ನುವ 112, 2018ರಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲುಗೊಂಡು ನಮಗೂ ಬಂದಿದೆ.

ಕರೆ ಬಂದಾಗ ಒಳಗೆ ನಡೆಯುವುದಿಷ್ಟು. ಒಬ್ಬರು ವಿವರ ಬರೆದುಕೊಳ್ಳುತ್ತಾರೆ. ಯಾವ ಆಂಬುಲೆನ್ಸ್ ಎಲ್ಲಿದೆ, ಯಾವುದು ಬಿಡುವಾಗಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಹತ್ತಿರದ ವಾಹನಕ್ಕೆ ಸುದ್ದಿ ಹೋಗುತ್ತದೆ. ಬಳಿಕ ದಾರಿ ಕೇಳಲು ವಾಹನದವರೇ ನಿಮಗೆ ಫೋನ್ ಮಾಡುತ್ತಾರೆ. ಆದ್ದರಿಂದ ಕರೆ ಮಾಡಿದ ಫೋನನ್ನು ನೆಂಟರಿಷ್ಟರಿಗೆ ಸುದ್ದಿ ಮುಟ್ಟಿಸಲು ಬಳಸದೆ ಬಿಡುವಾಗಿಡುವುದು ಒಳ್ಳೆಯದು. ನಮ್ಮವರು ಮೊದಲು ಮಾಡುವ ಕೆಲಸವೇ ಅದು!

‘ಎಷ್ಟು ಜನ?’ ಎಂಬ ಪ್ರಶ್ನೆಗೂ ಅರ್ಥವಿದೆ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳವಾಡಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಮಂದಿ ತೀರಿಕೊಂಡರು. ಅಸ್ವಸ್ಥರನ್ನು ಹತ್ತಿರದ ಆಸ್ಪತ್ರೆಗಳಿಗೂ ಅಲ್ಲಿಂದ ಮೈಸೂರಿಗೂ ಸಾಗಿಸಬೇಕಾಯಿತು. ‘ಯಾರೋ ವಾಂತಿ ಮಾಡಿಕೊಳ್ತಿದ್ದಾರೆ’ ಎಂದರೆ ಬರುವುದು ಒಂದೇ ವಾಹನ. ಹತ್ತು ಜನ ಬಿದ್ದಿದ್ದರೆ ಹತ್ತು ಎಂದೇ ಹೇಳಬೇಕು.

ಇನ್ನು ಊರಿನ ಹೆಸರು. ರಾಮಾಪುರ ಎಂದರೆ ಹನೂರಿನವರಿಗೆ ಒಂದೇ ಊರು. ರಾಜ್ಯದಲ್ಲಿ ಎಷ್ಟು ರಾಮಾಪುರಗಳಿವೆಯೋ! ಹನೂರು ಬೇರೆ ತಾಲ್ಲೂಕಾಗಿ ಹೆಚ್ಚು ಕಾಲವಾಗಿಲ್ಲ. ಹಿರಿಯರ ಬಾಯಲ್ಲಿ ಈಗಲೂ ಕೊಳ್ಳೇಗಾಲವೇ ಬರುತ್ತದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳ ಹೆಸರು ಬೆಂಗಳೂರಿನ ಕಿವಿಗೆ ಹೊಸದು. ಕಂಪ್ಯೂಟರ್ ಇದನ್ನೆಲ್ಲ ತಾನೇ ಕಂಡುಕೊಳ್ಳುತ್ತದೆ ಎಂದುಕೊಳ್ಳುವವರಿದ್ದಾರೆ. ಸಾಧಾರಣ ಫೋನಿನಿಂದ ಹೊರಟ ಕರೆಯಲ್ಲಿ ತಿಳಿಯುವುದು ಹೆಚ್ಚೆಂದರೆ ಯಾವ ಟವರ್ ಎಂಬುದು. ಕಾಡಿನಂಚಿನಲ್ಲಿ ಒಂದೊಂದು ಟವರ್ ಹಲವು ಕಿ.ಮೀ. ಸುತ್ತಳತೆಗೆ ಸಲ್ಲುತ್ತದೆ. ಅಷ್ಟು ಜಾಗದಲ್ಲಿ ಮಾರಿಗುಡಿಗಳು ಹತ್ತಾದರೂ ಇದ್ದಾವು.

ಪಾಲಾರ್ ಕಡೆಯ ಗಡಿಯಲ್ಲಿ ಫೋನು ತಮಿಳುನಾಡಿನ ಟವರ್ ಹಿಡಿದರೆ ಕರೆ ಆ ಕಡೆಗೂ ಹೋಗಬಹುದು. ಅಲ್ಲಿಯೂ 108 ಇದೆ. ತಮಿಳಿನಲ್ಲಿ ಉತ್ತರ ಬಂದರೆ ಗಾಬರಿ ಬೇಡ, ಕರ್ನಾಟಕದ ಚಾಮರಾಜನಗರ ಜಿಲ್ಲೆ ಎಂದು ಮೊದಲು ಹೇಳಿ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆಯವರಿಗೆ ಆ ಭಾಷೆಯೇನೂ ಹೊಸದಲ್ಲ.

ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆಯೂ 112ನ್ನು ಒತ್ತಿ ನೋಡಬೇಕು. ಬೇರೆ ಕಂಪನಿಯ ಟವರ್ ಸಿಕ್ಕರೆ ಅದರ ಮೂಲಕವೇ ಕರೆ ಹೋಗುವಂತೆ ಮೊಬೈಲುಗಳನ್ನು ರೂಪಿಸಲಾಗಿದೆ. ಯಾವ ಟವರೂ ಇಲ್ಲದಿದ್ದರೆ ಮಾತ್ರ ಯಾವ ಸಂಖ್ಯೆಯೂ ನಡೆಯದು.

ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕೆಲವು ಊರುಗಳ ಕಷ್ಟ ಇದು. ಅಲ್ಲಿ ಸಿಗ್ನಲ್ ಹುಡುಕಿಕೊಂಡು ದಿಣ್ಣೆ ಹತ್ತಬೇಕು. ಕರೆ ಸಿಕ್ಕರೂ ವಾಹನ ಬರಲು ರಸ್ತೆಯಿಲ್ಲದೆ ಬಸುರಿಯರನ್ನು, ರೋಗಿಗಳನ್ನು ಬಟ್ಟೆಯ ಡೋಲಿ ಕಟ್ಟಿ ಕಾಡುದಾರಿಯಲ್ಲಿ ಹೊತ್ತು ತಂದದ್ದು ಈಚಿನ ವರ್ಷಗಳಲ್ಲೂ ಸುದ್ದಿಯಾಗಿದೆ. ಆಳುವವರು ಉತ್ತರ ಕೊಡಬೇಕಾದ ಪ್ರಶ್ನೆಯಿದು. ಫೋನು ಇದಕ್ಕೆ ಪರಿಹಾರವಲ್ಲ. ಅಲ್ಲಿಯವರೆಗೆ ಇಂಥ ಊರಿನಿಂದ ಕರೆ ಮಾಡುವವರು ಹೇಳಬೇಕಾದದ್ದು ಮನೆಯ ಗುರುತನ್ನಲ್ಲ, ವಾಹನ ಬರಬಲ್ಲ ಕೊನೆಯ ಜಾಗವನ್ನು. ಡೋಲಿಯ ಜೊತೆ ಎಲ್ಲರೂ ಹೊರಡದೆ, ಕರೆ ಮಾಡಿದವರು ಆ ದಿಣ್ಣೆಯ ಮೇಲೆಯೇ ಫೋನ್ ಹಿಡಿದು ನಿಂತಿರಬೇಕು. ಆಂಬುಲೆನ್ಸಿನವರು ದಾರಿ ಕೇಳುವುದು ಅದೇ ಫೋನಿಗೆ.