ಪಾಪ್‌ಕಾರ್ನ್‌ನ ಬೆಣ್ಣೆ ಘಮ ಮತ್ತು ಶ್ವಾಸಕೋಶ

ಮೈಕ್ರೋವೇವ್ ಪಾಪ್‌ಕಾರ್ನ್‌ಗೆ ಬೆಣ್ಣೆಯ ಘಮ ಕೊಡಲು ಬಹುಕಾಲ ಬಳಸಿದ ರಾಸಾಯನಿಕ ಡೈಅಸಿಟೈಲ್. ನಿಜವಾದ ಬೆಣ್ಣೆಯಲ್ಲೂ ಇದು ಅಲ್ಪ ಪ್ರಮಾಣದಲ್ಲಿ ಸಹಜವಾಗಿಯೇ ಇರುತ್ತದೆ. ತಿಂದರೆ ತೊಂದರೆಯಿಲ್ಲ ಎಂಬುದು ಆಹಾರ ನಿಯಂತ್ರಕರ ನಿಲುವು. ಅಪಾಯವಿರುವುದು ಅದರ ಆವಿಯನ್ನು ಉಸಿರಾಡುವುದರಲ್ಲಿ. 2000ನೇ ಇಸವಿಯಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ದುಡಿದಿದ್ದ 8 ಮಂದಿಗೆ ಬ್ರಾಂಕಿಯೋಲೈಟಿಸ್ ಆಬ್ಲಿಟರನ್ಸ್ ಎಂಬ ಅಪರೂಪದ ಕಾಯಿಲೆ ಇರುವುದು ಬೆಳಕಿಗೆ ಬಂತು. ಬಿಸಿ ಎಣ್ಣೆಗೆ ಸುವಾಸನೆ ಬೆರೆಸುವಾಗ ಏಳುವ ಆವಿ ಶ್ವಾಸಕೋಶದ ಅತಿ ಸಣ್ಣ ನಾಳಗಳ ಒಳಪದರವನ್ನು ಕೆಡಿಸುತ್ತದೆ. ಗಾಯ ಮಾಗುವಾಗ ನಾರಿನಂಥ ಅಂಗಾಂಶ ಬೆಳೆದು ನಾಳವೇ ಮುಚ್ಚಿಕೊಳ್ಳುತ್ತದೆ. ಈ ಹಾನಿ ಸರಿಹೋಗುವುದಿಲ್ಲ. ತಿನ್ನುವವರ ನಾಲಿಗೆಯ ಸುಖಕ್ಕೆ ದುಡಿಯುವವರ ಉಸಿರು ಬಲಿಯಾದದ್ದು ಘೋರ ಅನ್ಯಾಯ.

2007ರ ಸುಮಾರಿಗೆ ದೊಡ್ಡ ತಯಾರಕರು ಡೈಅಸಿಟೈಲ್ ಕೈಬಿಡತೊಡಗಿದರು. ಆದರೆ ಬದಲಿಯಾಗಿ ಬಂದ 2,3-ಪೆಂಟೇನ್‌ಡಯೋನ್ ಕೂಡ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಶ್ವಾಸನಾಳಕ್ಕೆ ಹಾನಿ ಮಾಡಿತು.

ತಿನ್ನುವವರ ವಿಷಯದಲ್ಲಿ ಚಿತ್ರ ಇಷ್ಟು ಸ್ಪಷ್ಟವಿಲ್ಲ. 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದ ಬೇರೆ 6 ಕೃತಕ ಸುವಾಸನೆಗಳ ಅನುಮತಿ ಹಿಂತೆಗೆದುಕೊಂಡಿತು. ಆದರೆ ಆಹಾರದಲ್ಲಿ ಬಳಸುವ ಮಟ್ಟದಲ್ಲಿ ಅವುಗಳಿಂದ ಅಪಾಯವಿಲ್ಲ ಎಂದೂ ಹೇಳಿತು. ಭಾರತದಲ್ಲಿ ಕೃತಕ ಸುವಾಸನೆ ಬೆರೆಸಿದ್ದರೆ ಪೊಟ್ಟಣದ ಮೇಲೆ ಹಾಗೆಂದು ನಮೂದಿಸುವುದು ಕಡ್ಡಾಯ.