ನೆಟ್ಟಗೆ ಓಡದ ಮೋಟಾರುಮನೆ

ಬಾಡಿಗೆಯ ಕೋಣೆಯೊಂದನ್ನು ನಾಲ್ವರು ಹಂಚಿಕೊಂಡು ಬಾಳುವ ನಮ್ಮವರಿಗೆ ಮನೆಯೆಂದರೆ ದೂರದ ಊರಿನಲ್ಲಿ ಬಿಟ್ಟುಬಂದ ವಸ್ತು. ಅಮೇರಿಕದಲ್ಲಾದರೋ ಮನೆಗೇ ಗಾಲಿಗಳನ್ನು ಜೋಡಿಸಿ, ಹೋದಲ್ಲಿಗೆಲ್ಲ ಅದನ್ನು ಕೊಂಡೊಯ್ಯುವ ಜನರಿದ್ದಾರೆ. ಮೋಟಾರುಮನೆ ಎಂದು ನಾವು ಕರೆಯಬಹುದಾದ ಈ ವಾಹನವು ಹೊರಗಿನಿಂದ ನಮ್ಮ ದೂರಪ್ರಯಾಣದ ಬಸ್ಸಿನಂತೆಯೇ ಕಾಣುತ್ತದೆ; ಒಳಗೆ ಅಡಿಗೆಯ ಒಲೆ, ಹಾಸಿಗೆ, ಸ್ನಾನದ ಮನೆ, ನೀರಿನ ತೊಟ್ಟಿ ಎಲ್ಲವೂ ಉಂಟು. ಅಯೋವಾ ಸಂಸ್ಥಾನದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನಲ್ಲಿ ವಿನ್ನೆಬೇಗೋ ಕಂಪೆನಿಯವರು ೧೯೬೬ರಲ್ಲಿ ತಮ್ಮ ಮೊದಲ ಮೋಟಾರುಮನೆಯನ್ನು ಹೊರತಂದರು. ಅಂದಿನಿಂದ ಇವು ಬೆಳೆಯುತ್ತ ಬಂದು, ಇಂದು ಅವುಗಳಲ್ಲಿ ದೊಡ್ಡವು ೩೫ರಿಂದ ೪೦ ಅಡಿ ಉದ್ದ, ಎಂಟೂವರೆ ಅಡಿ ಅಗಲ, ಹತ್ತು ಹನ್ನೆರಡು ಟನ್ ಭಾರವನ್ನು ಮುಟ್ಟಿವೆ.

ಇವನ್ನು ಕೊಳ್ಳುವವರಲ್ಲಿ ಬಹಳ ಮಂದಿ ನೌಕರಿಯಿಂದ ನಿವೃತ್ತರಾದ ದಂಪತಿಗಳು. ದುಡಿದು ಉಳಿಸಿದ ಹಣವನ್ನು ಗಾಡಿಗೆ ಸುರಿದು, ದೇಶ ನೋಡುವ ಆಸೆಯಿಂದ ಹೊರಡುತ್ತಾರೆ. ಬಸ್ಸಿನಷ್ಟು ದೊಡ್ಡ ವಾಹನವನ್ನು ಅವರು ಹಿಂದೆಂದೂ ನಡೆಸಿದವರಲ್ಲ; ಅಲ್ಲಿಯ ಹೆಚ್ಚಿನ ಸಂಸ್ಥಾನಗಳಲ್ಲಿ ಅದಕ್ಕಾಗಿ ಬೇರೆ ಲೈಸೆನ್ಸೂ ಬೇಕಿಲ್ಲ. ಹೆದ್ದಾರಿಗೆ ಬಂದ ಮೊದಲ ದಿನವೇ ಅನೇಕರಿಗೆ ತಿಳಿದುಬರುವ ಸಂಗತಿಯೆಂದರೆ, ಮನೆ ನೆಟ್ಟಗೆ ಓಡುವುದಿಲ್ಲ.

ರೋಗದ ಲಕ್ಷಣ

ರಸ್ತೆ ನೇರವಾಗಿದೆ, ಸ್ಟಿಯರಿಂಗನ್ನೂ ನೇರವಾಗಿಯೇ ಹಿಡಿದಿದ್ದಾರೆ. ಆದರೂ ಗಾಡಿ ಮೆಲ್ಲನೆ ಎಡಕ್ಕೆ ಸರಿಯುತ್ತದೆ. ತಿದ್ದಿದರೆ ಬಲಕ್ಕೆ ಹೋಗುತ್ತದೆ. ಮತ್ತೆ ತಿದ್ದಬೇಕು. ದೊಡ್ಡ ಲಾರಿಯೊಂದು ಪಕ್ಕದಲ್ಲಿ ದಾಟುವಾಗ ಅದರ ಮುಂದಿನ ಗಾಳಿ ಮೊದಲು ಆಚೆಗೆ ತಳ್ಳುತ್ತದೆ, ಬಳಿಕ ಅದರ ಮಗ್ಗುಲಿಗೆ ಸೆಳೆಯುತ್ತದೆ. ೩೫ ಅಡಿ ಉದ್ದ, ೧೦ ಅಡಿ ಎತ್ತರದ ಗೋಡೆಯ ಮೇಲೆ ಗಂಟೆಗೆ ೬೦ ಕಿಲೋಮೀಟರ್ ವೇಗದ ಅಡ್ಡಗಾಳಿ ಬೀಸಿದರೆ ಅದರ ಒತ್ತಡ ಸುಮಾರು ಅರ್ಧ ಟನ್ ಆಗುತ್ತದೆಂದು ಲೆಕ್ಕ ಹಾಕಬಹುದು. ದಿನವೆಲ್ಲ ಹೀಗೆ ಹೋರಾಡಿದ ಚಾಲಕನ ತೋಳು, ಕತ್ತು, ಕಣ್ಣು ಮೂರೂ ಸೋಲುತ್ತವೆ. ಸೋತ ಚಾಲಕ ಕ್ಷಣಮಾತ್ರ ಮೈಮರೆತರೂ ಸಾಕು, ಒಳಗಿರುವ ಸಂಸಾರಕ್ಕೂ ಎದುರು ಬರುವವರಿಗೂ ಅಪಾಯ ತಪ್ಪಿದ್ದಲ್ಲ.

ಲಕ್ಷಣಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಅವಶ್ಯ. ಗಾಡಿ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತಿದ್ದರೆ ಟಯರು, ಬ್ರೇಕು ಅಥವಾ ಗಾಲಿಗಳ ಜೋಡಣೆಯನ್ನು ಸಂಶಯಿಸಬೇಕು. ಎರಡೂ ಕಡೆಗೆ ಅಲೆಯುತ್ತಿದ್ದರೆ ಗಾಲಿಗಳಿಗೆ ತಾವಾಗಿ ನೆಟ್ಟಗಾಗುವ ಗುಣ ಸಾಲದೆಂದೋ, ಕೀಲುಗಳು ಸಡಿಲಾಗಿವೆಯೆಂದೋ ಅರ್ಥ. ಮೊದಲು ಹಿಂಭಾಗ ಸರಿದು ಆಮೇಲೆ ಮುಂಭಾಗ ತಿರುಗಿದರೆ ದೋಷ ಹಿಂದಿನ ಅಚ್ಚಿನಲ್ಲಿದೆ. ತಿರುವಿನಲ್ಲಿ ಹಡಗಿನಂತೆ ವಾಲುವುದು ಇನ್ನೊಂದೇ ಬೇನೆ. ಇದನ್ನು ವಿಚಾರಿಸದೆ ಅಂಗಡಿಯವನು ತೋರಿಸಿದ ಉಪಕರಣವನ್ನೆಲ್ಲ ಕೊಂಡು ಜೋಡಿಸುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಒಂದು ಗಾಡಿ, ಇಬ್ಬರು ತಯಾರಕರು

ಈ ರೋಗದ ಮೂಲ ಅನೇಕ ವೇಳೆ ಗಾಡಿಯ ಹುಟ್ಟಿನಲ್ಲಿಯೇ ಇರುತ್ತದೆ. ಚಾಸಿ, ಇಂಜಿನ್ನು, ಗಾಲಿಗಳನ್ನು ತಯಾರಿಸುವ ಕಂಪೆನಿ ಒಂದು. ಅದರ ಮೇಲೆ ಮನೆ ಕಟ್ಟುವ ಕಂಪೆನಿ ಇನ್ನೊಂದು. ಪೆಟ್ರೋಲಿನಿಂದ ಓಡುವ ದೊಡ್ಡ ಮೋಟಾರುಮನೆಗಳಲ್ಲಿ ಅನೇಕವು ಫೋರ್ಡ್ ಕಂಪೆನಿಯ ಎಫ್-೫೩ ಎಂಬ ಚಾಸಿಯ ಮೇಲೆ ನಿಂತಿವೆ. ಚಾಸಿ ಕಾರ್ಖಾನೆಯಿಂದ ಹೊರಬೀಳುವಾಗ ಅದರ ಮೇಲೆ ಗೋಡೆಯಿಲ್ಲ, ಒಲೆಯಿಲ್ಲ, ನೀರಿಲ್ಲ. ಆಗ ಅಳೆದು ನಿಲ್ಲಿಸಿದ ಗಾಲಿಗಳ ಕೋನವು, ಟನ್ನುಗಟ್ಟಲೆ ಭಾರ ಬಿದ್ದು ಸ್ಪ್ರಿಂಗುಗಳು ಕುಗ್ಗಿದ ಬಳಿಕ ಹಾಗೆಯೇ ಉಳಿಯುವುದೆಂಬ ಭರವಸೆಯಿಲ್ಲ. ಆದುದರಿಂದ ಹೊಸ ಗಾಡಿಯಾದರೂ, ಸಾಮಾನು ತುಂಬಿದ ಮೇಲೆ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸುವುದು ಬುದ್ಧಿವಂತಿಕೆ.

ಎರಡನೆಯ ಕಾರಣ, ಹಿಂದಿನ ಅಚ್ಚಿನಿಂದಾಚೆ ಚಾಚಿಕೊಂಡಿರುವ ಉದ್ದವಾದ ಬಾಲ. ಎರಡು ಅಚ್ಚುಗಳ ನಡುವಣ ಅಂತರವು ಒಟ್ಟು ಉದ್ದದ ಅರ್ಧಕ್ಕಿಂತ ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದೆಂದು ಅನುಭವಸ್ಥರ ಮತ. ೩೫ ಅಡಿಯ ಗಾಡಿಗೆ ೧೯ ಅಡಿಯ ಅಂತರವಿದ್ದರೆ ಅದು ನೂರಕ್ಕೆ ೫೪ರಷ್ಟಾಯಿತು. ಅದಕ್ಕಿಂತ ಕಡಿಮೆಯಾದಂತೆ ಬಾಲದ ಪ್ರಭಾವ ಹೆಚ್ಚುತ್ತದೆ.

ಮೊದಲು ತೂಕ, ಆಮೇಲೆ ಟಯರು

ಮುಂಬಯಿಯ ಮಾರುಕಟ್ಟೆಯಲ್ಲಿ ಕೈಗಾಡಿ ಎಳೆಯುವವನನ್ನು ವಾಚಕರು ನೋಡಿಯೇ ಇರುತ್ತಾರೆ. ಮೂಟೆಗಳನ್ನು ಗಾಲಿಗಳ ಹಿಂದಕ್ಕೆ ಹೆಚ್ಚಾಗಿ ಪೇರಿಸಿದರೆ ಅವನ ಕೈಯಲ್ಲಿರುವ ಮರ ಮೇಲಕ್ಕೇಳುತ್ತದೆ, ಗಾಡಿ ಅವನ ಹಿಡಿತಕ್ಕೆ ಸಿಗದು. ಮೋಟಾರುಮನೆಯಲ್ಲಿಯೂ ನ್ಯಾಯ ಅದೇ. ಅಚ್ಚುಗಳ ನಡುವೆ ೧೯ ಅಡಿ ಇರುವ ಗಾಡಿಯಲ್ಲಿ, ಹಿಂದಿನ ಅಚ್ಚಿನಿಂದ ಒಂಬತ್ತೂವರೆ ಅಡಿ ಹಿಂದಕ್ಕೆ ೩೦೦ ಕಿಲೋಗ್ರಾಂ ಸಾಮಾನನ್ನಿಟ್ಟರೆ ಹಿಂದಿನ ಅಚ್ಚಿಗೆ ಬೀಳುವ ಹೆಚ್ಚಿನ ಭಾರ ೩೦೦ ಅಲ್ಲ, ೪೫೦. ಮುಂದಿನ ಅಚ್ಚಿನಿಂದ ೧೫೦ ಕಿಲೋಗ್ರಾಂ ಕಳೆದುಹೋಗುತ್ತದೆ. ದಾರಿ ತೋರಬೇಕಾದ ಗಾಲಿಗಳೇ ಹಗುರವಾದರೆ ಅವು ರಸ್ತೆಯನ್ನು ಕಚ್ಚಿ ಹಿಡಿಯುವುದೆಂತು? ಅಮೇರಿಕದ ಅಳತೆಯ ನೂರು ಗ್ಯಾಲನ್ ನೀರೆಂದರೆ ೩೭೮ ಕಿಲೋಗ್ರಾಂ. ತೊಟ್ಟಿ ಹಿಂಬದಿಯಲ್ಲಿದ್ದರೆ ಅದೊಂದೇ ಸಾಕು.

ಆದುದರಿಂದ ಮೊದಲ ಚಿಕಿತ್ಸೆ ತೂಕದ ಕಟ್ಟೆಯ ಮೇಲೆ. ನೀರು, ಇಂಧನ, ಸಾಮಾನು, ಜನ ಎಲ್ಲವೂ ತುಂಬಿರುವಾಗ ಪ್ರತಿಯೊಂದು ಅಚ್ಚನ್ನೂ, ಸಾಧ್ಯವಾದರೆ ಎಡಬಲಗಳನ್ನೂ ಬೇರೆ ಬೇರೆಯಾಗಿ ತೂಗಿಸಬೇಕು. ಹಿಂದಿನ ಭಾರವನ್ನು ಮುಂದಕ್ಕೆ ಸರಿಸುವುದಕ್ಕೆ ಕಾಸೂ ಖರ್ಚಿಲ್ಲ.

ತೂಕ ತಿಳಿದ ಮೇಲೆ ಟಯರಿನ ಗಾಳಿ. ಟಯರಿನ ಮಗ್ಗುಲಲ್ಲಿ ಅಚ್ಚೊತ್ತಿರುವ ಅಂಕಿ ಅದು ಹೊರಬಲ್ಲ ಪರಮಾವಧಿ ಭಾರಕ್ಕೆ ಸಂಬಂಧಿಸಿದ್ದು. ಭಾರ ಅಷ್ಟಿಲ್ಲದಿದ್ದರೂ ಗಾಳಿಯನ್ನು ಅಲ್ಲಿಯವರೆಗೆ ತುಂಬಿದರೆ ಟಯರು ಉಬ್ಬಿ, ನಡುಭಾಗ ಮಾತ್ರ ರಸ್ತೆಗೆ ತಾಗುತ್ತದೆ. ಗಾಡಿ ಪುಟಿಯುತ್ತದೆ, ಅಲೆಯುತ್ತದೆ. ಟಯರು ಕಂಪೆನಿಯವರು ಯಾವ ಭಾರಕ್ಕೆ ಎಷ್ಟು ಗಾಳಿ ಎಂಬ ಪಟ್ಟಿಯನ್ನು ಪ್ರಕಟಿಸಿರುತ್ತಾರೆ. ಎಡಬಲಗಳಲ್ಲಿ ಹೆಚ್ಚು ಭಾರವಿರುವ ಕಡೆಯನ್ನು ಲೆಕ್ಕಕ್ಕೆ ಹಿಡಿದು, ಒಂದು ಅಚ್ಚಿನ ಎಲ್ಲ ಟಯರುಗಳಿಗೂ ಸಮನಾಗಿ ತುಂಬಬೇಕು. ಬೆಳಗ್ಗೆ ಗಾಡಿ ಹೊರಡುವ ಮುನ್ನ, ಟಯರು ತಣ್ಣಗಿರುವಾಗಲೇ ಅಳೆಯಬೇಕು. ಪಟ್ಟಿ ಹೇಳಿದುದಕ್ಕಿಂತ ಕಡಿಮೆ ಮಾತ್ರ ಎಂದಿಗೂ ಕೂಡದು; ಕಾದು ಸಿಡಿಯುವ ಟಯರು ಅಲೆಯುವ ಗಾಡಿಗಿಂತಲೂ ಭಯಂಕರ. ಎಷ್ಟೋ ಗಾಡಿಗಳ ಅರ್ಧ ರೋಗ ಇಷ್ಟರಿಂದಲೇ ಇಳಿಯುತ್ತದೆ.

ತಳ್ಳುಗಾಡಿಯ ಪಾಠ

ಇನ್ನು ಗಾಲಿಗಳ ಕೋನ. ಹೋಟೆಲುಗಳಲ್ಲಿ ತಟ್ಟೆ ಲೋಟಗಳನ್ನು ಒಯ್ಯುವ ತಳ್ಳುಗಾಡಿಯ ಚಿಕ್ಕ ಗಾಲಿಯನ್ನು ಗಮನಿಸಿರಿ. ಗಾಡಿಯನ್ನು ಯಾವ ಕಡೆಗೆ ತಳ್ಳಿದರೂ ಆ ಗಾಲಿ ತನ್ನ ಕೀಲಿನ ಹಿಂದಕ್ಕೆ ಸರಿದು ನೆಟ್ಟಗಾಗುತ್ತದೆ. ಕೀಲು ಮುಂದೆ, ಗಾಲಿ ನೆಲಕ್ಕೆ ತಾಗುವ ಜಾಗ ಹಿಂದೆ ಇರುವುದೇ ಇದರ ಗುಟ್ಟು. ಮೋಟಾರು ಗಾಡಿಯಲ್ಲಿ ಮುಂದಿನ ಗಾಲಿ ತಿರುಗುವ ಕಿಂಗ್‌ಪಿನ್ ಎಂಬ ಕೀಲಿನ ತಲೆಯನ್ನು ತುಸು ಹಿಂದಕ್ಕೆ ವಾಲಿಸಿ ಇದೇ ಗುಣವನ್ನು ಪಡೆಯುತ್ತಾರೆ. ಈ ವಾಲಿಕೆಗೆ ಕ್ಯಾಸ್ಟರ್ ಎಂದು ಹೆಸರು. ಅದು ಕಡಿಮೆಯಾದರೆ ಗಾಲಿಗೆ ನೆಟ್ಟಗಾಗುವ ಹಂಬಲವೇ ಇರುವುದಿಲ್ಲ. ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಬೆಣೆಯಾಕಾರದ ತುಂಡುಗಳನ್ನಿಟ್ಟು, ಕಂಪೆನಿ ಒಪ್ಪಿದ ಮಿತಿಯೊಳಗೇ ಈ ಕೋನವನ್ನು ಹೆಚ್ಚಿಸಬಹುದು.

ಇದರಂತೆಯೇ ಎರಡು ಮುಂಗಾಲಿಗಳ ಮುಂದಣ ಅಂಚುಗಳು ಕೂದಲೆಳೆಯಷ್ಟು ಒಳಮುಖವಾಗಿರಬೇಕು; ಅಂಗುಲದ ಹದಿನಾರನೆಯ ಒಂದು ಭಾಗದ ಆಸುಪಾಸಿನ ಮಾತು. ಹೊರಮುಖವಾದರೆ ಗಾಡಿ ಅತ್ತಿತ್ತ ಹಾರುತ್ತದೆ.

ಸವೆದ ಕೀಲುಗಳ ಪರೀಕ್ಷೆ

ಹಳೆಯ ಗಾಡಿಯಾದರೆ ಅಲೈನ್‌ಮೆಂಟಿಗೆ ಮುಂಚೆ ಕೀಲುಗಳನ್ನು ಪರೀಕ್ಷಿಸಬೇಕು. ಸಡಿಲ ಕೀಲಿನ ಮೇಲೆ ಅಳೆದ ಕೋನ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ತಡೆಯಿಟ್ಟು, ಒಬ್ಬನು ಸ್ಟಿಯರಿಂಗನ್ನು ಎರಡೂ ಕಡೆಗೆ ಸ್ವಲ್ಪ ಸ್ವಲ್ಪವೇ ಆಡಿಸಬೇಕು. ಇನ್ನೊಬ್ಬನು ಕೆಳಗಿನಿಂದ ನೋಡಬೇಕು. ಚಲನೆ ಎಲ್ಲಿ ಕಳೆದುಹೋಗುವುದೋ ಅಲ್ಲಿ ಸವಕಳಿಯಿದೆ. ಟೈರಾಡಿನ ತುದಿಗಳು, ಕಿಂಗ್‌ಪಿನ್ನು, ಸ್ಪ್ರಿಂಗಿನ ಬುಷ್‌ಗಳು ಇವೇ ಸಾಮಾನ್ಯ ಅಪರಾಧಿಗಳು. ಸ್ಟಿಯರಿಂಗ್ ಪೆಟ್ಟಿಗೆಯ ಸ್ಕ್ರೂವನ್ನು ಬಿಗಿಯುವ ಆತುರ ಬೇಡ. ಅತಿಯಾಗಿ ಬಿಗಿದರೆ ಸ್ಟಿಯರಿಂಗು ಅಲ್ಲಿಯೇ ಅಂಟಿಕೊಂಡು, ಅಲೆದಾಟ ಮತ್ತಷ್ಟು ಹೆಚ್ಚುತ್ತದೆ.

ಕೊನೆಗೆ ಹೊಸ ಸಾಮಾನು

ಇಷ್ಟಾದ ಮೇಲೂ ಬೇನೆ ಉಳಿದರೆ ಹೊಸ ಉಪಕರಣದ ಮಾತು. ಬಾಲ ಅಲ್ಲಾಡುವ ಗಾಡಿಗೆ ಹಿಂದಿನ ಅಚ್ಚನ್ನೂ ಚಾಸಿಯನ್ನೂ ಅಡ್ಡಲಾಗಿ ಕೂಡಿಸುವ ಪ್ಯಾನ್‌ಹಾರ್ಡ್ ಸಲಾಕೆ ಮದ್ದು. ಅಚ್ಚು ಪಕ್ಕಕ್ಕೆ ಸರಿಯದಂತೆ ಅದು ತಡೆಯುತ್ತದೆ. ವಾಲುವ ಗಾಡಿಗೆ ದಪ್ಪನಾದ ತಿರುಚು ಸಲಾಕೆ ಮದ್ದು. ಸಲಾಕೆಯ ತುದಿಯಲ್ಲಿ ಎರಡು ರಂಧ್ರಗಳಿರುವ ಗಾಡಿಗಳಲ್ಲಿ, ಕೊಂಡಿಯನ್ನು ಹೊರಗಿನ ರಂಧ್ರದಿಂದ ಒಳಗಿನದಕ್ಕೆ ಬದಲಿಸಿದರೆ ತೋಳು ಗಿಡ್ಡವಾಗಿ, ಇದ್ದ ಸಲಾಕೆಯೇ ಗಡುಸಾಗುತ್ತದೆ. ಖರ್ಚು ಒಂದು ಸ್ಪ್ಯಾನರಿನ ಶ್ರಮ ಮಾತ್ರ. ಸ್ಟಿಯರಿಂಗಿಗೆ ಜೋಡಿಸುವ ಸ್ಥಿರಕಾರಿಗಳು ಕೈಗೆ ವಿಶ್ರಾಂತಿ ಕೊಡುವುದು ನಿಜ. ಆದರೆ ಸವೆದ ಕೀಲನ್ನು ಹಾಗೆಯೇ ಬಿಟ್ಟು ಅವನ್ನು ಜೋಡಿಸಿದರೆ ಅದು ರೋಗವನ್ನು ವಾಸಿಮಾಡಿದಂತಲ್ಲ, ಮುಚ್ಚಿದಂತೆ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ, ಫಲವನ್ನು ಬರೆದಿಡಬೇಕು. ಲೆಕ್ಕದ ಪುಸ್ತಕ ಬಲ್ಲ ನಮ್ಮ ಗುಮಾಸ್ತ ಬಂಧುಗಳಿಗೆ ಇದರ ಮಹತ್ವವನ್ನು ವಿವರಿಸಬೇಕಿಲ್ಲ. ನಾಲ್ಕು ಬಾಬುಗಳನ್ನು ಒಟ್ಟಿಗೆ ಸೇರಿಸಿದರೆ ಯಾವುದರಿಂದ ಲಾಭ, ಯಾವುದರಿಂದ ನಷ್ಟ ಎಂಬುದು ತಿಳಿಯದು.

ನಮ್ಮಲ್ಲಿ ಮೋಟಾರುಮನೆ ಕೊಳ್ಳುವವರು ವಿರಳ. ಆದರೆ ಊರಿಗೆ ಹೋಗುವಾಗ ಇಡೀ ರಾತ್ರಿ ನಾವು ಪ್ರಾಣವನ್ನೊಪ್ಪಿಸಿ ನಿದ್ರಿಸುವ ಬಸ್ಸಿಗೂ ಇದೇ ಅಚ್ಚು, ಇದೇ ಟಯರು, ಇದೇ ನಿಯಮ. ಹಿಂಬದಿಯಲ್ಲಿ ಮಿತಿಮೀರಿ ಹೇರಿದ ಪಾರ್ಸೆಲು, ಗಾಳಿ ನೋಡದ ಟಯರು, ಸಡಿಲವಾದ ಕೀಲು ಇವು ಅಮೇರಿಕದ ಹೆದ್ದಾರಿಯಲ್ಲಿ ಮಾಡುವುದನ್ನೇ ನಮ್ಮ ಘಟ್ಟದ ತಿರುವಿನಲ್ಲಿಯೂ ಮಾಡುತ್ತವೆ. ಹೊರಡುವ ಮುನ್ನ ಚಾಲಕನು ದೀಪ ಹಿಡಿದು ಗಾಲಿಗಳನ್ನು ಸುತ್ತಿ ನೋಡುತ್ತಿದ್ದರೆ, ಹೊತ್ತಾಯಿತೆಂದು ಗೊಣಗದೆ ಕಾಯುವುದು ಪ್ರಯಾಣಿಕರಾದ ನಮಗೆ ಶ್ರೇಯಸ್ಕರ.