ತೊಗರಿ ಚೀಲದಡಿಯ ನೀರು

ಜಹೀರಾಬಾದಿನಿಂದ ಮೊಗುಡಂಪಲ್ಲಿ ಕಡೆ ಹೊರಟರೆ ದಾರಿಯುದ್ದಕ್ಕೂ ಕೆಂಪು ಮೊರಂ ಮತ್ತು ಎರೆ ಮಣ್ಣು ಒಂದಾದ ಮೇಲೊಂದು ಸಿಗುತ್ತವೆ. ನಾನು ನೋಡಲು ಹೋದ ಕಟ್ಟಡ ಎರೆಯ ಮೇಲಿದೆ. ಮಾಳಿಗೆಯಲ್ಲಿ ಬಾಡಿಗೆ ಮನೆ, ರಸ್ತೆಮಟ್ಟದಲ್ಲಿ ಮಾಲೀಕರದೇ ತೊಗರಿ ಅಂಗಡಿ, ಅದರಡಿ ಚೀಲ ಇಡುವ ನೆಲಮಾಳಿಗೆ.

ಮುಂಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು. ಎರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಡುವೆ ಗೋಡೆ ಸೊರಗುತ್ತದೆ. ಬಿರುಕು ಮುಚ್ಚಿ ಸುಣ್ಣಬಣ್ಣ ಮಾಡಿದ್ದರು. ಒಳಗೆ ಒಡೆದ ಏಳೆಂಟು ಪರಸಿ ಕಲ್ಲು ಬದಲಾಗಿದ್ದವು. ಇಷ್ಟರ ಲೆಕ್ಕ ಸುಲಭ. ವ್ಯಾಪಾರಕ್ಕೆ ಬಳಸುವ ಕಟ್ಟಡದ ಚಾಲ್ತಿ ದುರಸ್ತಿಯ ಪೂರ್ತಿ ಖರ್ಚನ್ನು ಅದೇ ವರ್ಷದ ಆದಾಯದಲ್ಲಿ ಕಳೆಯಬಹುದು ಎಂದು 1961ರ ಆದಾಯ ತೆರಿಗೆ ಕಾಯ್ದೆಯ 30ನೇ ಕಲಂ ಹೇಳಿತ್ತು.

ಅಂಗಡಿಯ ಹಿಂಭಾಗದಲ್ಲಿ ಹೊಸದೊಂದು ಅಟ್ಟ ಕಂಡಿತು. ಹಿಂದೆ ಅದು ಇರಲಿಲ್ಲವಂತೆ. ಹಾಗಿದ್ದರೆ ಅದು ದುರಸ್ತಿಯಲ್ಲ, ಬಂಡವಾಳ ಖರ್ಚು. ಇಂಥ ಕಟ್ಟಡಕ್ಕೆ ವರ್ಷಕ್ಕೆ ಶೇ 10 ಸವಕಳಿ ಮಾತ್ರ: ಲಕ್ಷ ರೂಪಾಯಿಗೆ ಮೊದಲ ವರ್ಷ 10,000, ಮರುವರ್ಷ ಉಳಿದ ಮೊತ್ತದ ಮೇಲೆ 9,000. ಆ ವರ್ಷ ಬಳಸಿದ್ದು 180 ದಿನಕ್ಕಿಂತ ಕಡಿಮೆಯಾದರೆ ಮೊದಲ ಸವಕಳಿ ಅರ್ಧಕ್ಕಿಳಿಯುತ್ತದೆ. ಹಳೇ ಕಟ್ಟಡಕ್ಕೆ ಏನು ಮಾಡಿದರೂ ರಿಪೇರಿಯೇ ಎಂದು ನಂಬಿದವರು ಬಹಳ. ಸಿನಿಮಾ ಟಾಕೀಸೊಂದನ್ನು ಯಂತ್ರ, ಕುರ್ಚಿ, ವೈರಿಂಗ್ ಸಮೇತ ಹೊಸದು ಮಾಡಿದವರು ಅದನ್ನು ರಿಪೇರಿ ಎಂದು ವಾದಿಸಿದ್ದರು; 1997ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಲಿಲ್ಲ.

ಕೆಳಗಿಳಿದೆ. ಮೂರನೇ ಮೆಟ್ಟಿಲಿಗೇ ಮುಗ್ಗಲು ವಾಸನೆ. ಚೀಲಗಳನ್ನು ಹಲಗೆಯ ಮೇಲೆ ಎತ್ತಿ ಇಟ್ಟಿದ್ದಾರೆ. ಗೋಡೆಗೆ ಮೊಣಕಾಲೆತ್ತರದವರೆಗೆ ಬಿಳಿ ಉಪ್ಪು. ಹೋದ ವರ್ಷ ಬಳಿದ ವಾಟರ್‌ಪ್ರೂಫ್ ಲೇಪನ ಹಪ್ಪಳದಂತೆ ಎದ್ದು ನಿಂತಿದೆ. ನೀರು ಹೊರಗಿನಿಂದ ಒತ್ತುವಾಗ ಒಳಗೆ ಬಳಿದ ಲೇಪನವನ್ನು ಅದೇ ಒತ್ತಡ ಗೋಡೆಯಿಂದ ಬಿಡಿಸುತ್ತದೆ. “ಮಳಿ ಹತ್ತಿದ್ರ ಇಲ್ಲಿಂದೇ ನೀರ್ ಬರ್ತದ ನೋಡ್ರಿ,” ಎಂದು ಮಾಲೀಕರು ಗೋಡೆ ನೆಲ ಕೂಡುವ ಸಂದು ತೋರಿಸಿದರು. ನನಗೇನೋ ಮೂಲೆಯ ಪೈಪಿನ ಮೇಲೂ ಅನುಮಾನ. ಬೆರಳಿಟ್ಟು ನೋಡಿದೆ, ಎರಡೂ ಕಡೆ ತೇವ; ತೀರ್ಮಾನಿಸಲಾಗಲಿಲ್ಲ.

ಹಿತ್ತಿಲಿಗೆ ಬಂದರೆ ಗೋಡೆಗುಂಟ ಆಳುದ್ದದ ಅಗೆತ. ಅದರೊಳಗೆ ತಾಂಡೂರು ಕಡೆಯ ಒರಟು ಪರಸಿಗಳನ್ನು ನಿಲ್ಲಿಸಿ, ಗೋಡೆಗೂ ಕಲ್ಲಿಗೂ ನಡುವೆ ಸಿಮೆಂಟ್ ಹಾಲು ತುಂಬುತ್ತಿದ್ದರು. ನೆಲಮಾಳಿಗೆಯನ್ನು ಕಲ್ಲಿನ ಪೆಟ್ಟಿಗೆಯಲ್ಲಿ ಕೂರಿಸುವ ಹಳೆಯ ಪದ್ಧತಿ ಇದು. ಕಟ್ಟುವಾಗಲೇ ನೆಲದಡಿಯೂ ಹಾಸಿದ್ದರೆ ಪೆಟ್ಟಿಗೆ ಪೂರ್ತಿಯಾಗುತ್ತಿತ್ತು. ಈಗ ಬದಿಗೆ ಮಾತ್ರ ಸಾಧ್ಯ.

ತೆರಿಗೆಯ ಗಂಟು ಬಿದ್ದಿರುವುದು ಇಲ್ಲೇ. ಇದ್ದ ಪೆಟ್ಟಿಗೆ ಕೆಟ್ಟು ಸರಿಪಡಿಸಿದರೆ ದುರಸ್ತಿ ಎನ್ನಲು ಬಲವಿದೆ. ಎಂದೂ ಇಲ್ಲದ್ದನ್ನು ಈಗ ಕಟ್ಟಿದರೆ ಹೊಸ ಅನುಕೂಲ ಪಡೆದಂತೆ. ಅಧಿಕಾರಿ ಬಂಡವಾಳ ಎನ್ನಬಹುದು. ಬಂಡವಾಳದ ಖರ್ಚು ದುರಸ್ತಿಯೊಳಗೆ ಬರುವುದಿಲ್ಲ ಎಂದು 2003ರಲ್ಲಿ ಕಾಯ್ದೆಗೆ ವಿವರಣೆಯನ್ನೂ ಸೇರಿಸಿದ್ದಾರೆ. ಹಿಂದೆ ಇಲ್ಲಿ ಪರಸಿ ಇತ್ತೇ? ಅಗೆತದಲ್ಲಿ ಹಳೇ ಕಲ್ಲಿನ ಚೂರು ಕಂಡವು. ಪೆಟ್ಟಿಗೆಯವೋ, ಬುನಾದಿಯವೋ, ಹೇಳಲಾರೆ. ಫೋಟೋ ತೆಗೆದಿಡಿ ಎಂದೆ.

ಕೊನೆಗೆ ಮಾಳಿಗೆ ಹತ್ತಿದೆ. ಅಲ್ಲಿ ಈ ತಕರಾರೇ ಇಲ್ಲ. ಪುರಸಭೆ, ಪಂಚಾಯಿತಿಗೆ ಕಟ್ಟಿದ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30 ಸಾರಾಸಗಟು ಮಾಫಿ, ಒಂದು ಮೊಳೆ ಹೊಡೆಯದಿದ್ದರೂ.

ಹೊರಡುವಾಗ ಮಾಲೀಕರು ಮೇಸ್ತ್ರಿ ಕೊಟ್ಟ ಬಿಲ್ ತೋರಿಸಿದರು. ಬಣ್ಣ, ಪರಸಿ, ಅಟ್ಟ, ಅಗೆತ ಎಲ್ಲ ಸೇರಿ ಒಂದೇ ಸಾಲು: “ಬಿಲ್ಡಿಂಗ್ ರಿಪೇರಿ, ಒಟ್ಟು ಕೆಲಸ.” ನಿಮ್ಮ ಗೋಡೆಗೂ ಉಪ್ಪು ಹತ್ತಿದ್ದರೆ, ಗುದ್ದಲಿ ಬೀಳುವ ಮೊದಲೇ ಮೇಸ್ತ್ರಿಗೆ ಹೇಳಿ, ಒಂದೊಂದು ಕೆಲಸಕ್ಕೂ ಬೇರೆ ಬಿಲ್ ಬರೆಸಿಕೊಳ್ಳಿ.